ಚೊಂಬು ಕಂಡಿತು, ಹಿಡಿದ ಕೈ ಕಂಡಿತೇ?

ವಿನ್ಯಾಸದ ತರಗತಿಗಳಿಗೂ ಸಾಫ್ಟ್‌ವೇರ್ ಕಚೇರಿಗಳಿಗೂ ಈಗ ಮೈಂಡ್‌ಫುಲ್‌ನೆಸ್ ಬಂದಿದೆ. ಹತ್ತು ನಿಮಿಷ ಕಣ್ಣು ಮುಚ್ಚಿ, ಉಸಿರಿನ ಮೇಲೆ ಗಮನವಿಡಿ, ಆಮೇಲೆ ಪೆನ್ಸಿಲ್ ಹಿಡಿಯಿರಿ ಎನ್ನುತ್ತಾರೆ. ಮನಸ್ಸು ತಿಳಿಯಾದೀತು, ತಕರಾರಿಲ್ಲ. ಆದರೆ ತಿಳಿಯಾದ ಮನಸ್ಸಿನಿಂದಲೂ ಸೊಂಟ ಮುರಿಯುವ ಕುರ್ಚಿ ಮಾಡಬಹುದು. ಏನನ್ನಾದರೂ ಮಾಡುವವನಿಗೆ ಬೇಕಾದ ಎಚ್ಚರ ಎಂಥದ್ದೆಂದು ತಿಳಿಯಬೇಕಾದವರು 1958ರ ಒಂದು ಸರ್ಕಾರಿ ವರದಿಯನ್ನು ಓದಬೇಕು. ಸರ್ಕಾರಿ ವರದಿಯನ್ನು ಓದಿ ಎಂದು ಶಿಫಾರಸು ಮಾಡುವ ಅವಕಾಶ ವಿಮರ್ಶಕನಿಗೆ ಪದೇ ಪದೇ ಸಿಗುವುದಿಲ್ಲ.

ಬಾಗಿಸಿದ ಪ್ಲೈವುಡ್ಡಿನ ಕುರ್ಚಿಗಳಿಂದ ಹೆಸರಾದ ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಬರೆದ 'ಇಂಡಿಯಾ ರಿಪೋರ್ಟ್' ಅದು. ಯಂತ್ರದ ಸರಕು ನುಗ್ಗುತ್ತಿರುವಾಗ ದಿನಬಳಕೆಯ ವಸ್ತುಗಳ ಗುಣಮಟ್ಟ ಕುಸಿಯದಂತೆ ಏನು ಮಾಡಬೇಕೆಂದು ಭಾರತ ಸರ್ಕಾರ ಅವರನ್ನು ಕೇಳಿತ್ತು. ಹಣ ಫೋರ್ಡ್ ಪ್ರತಿಷ್ಠಾನದ್ದು. ಅವರು ದೇಶ ಸುತ್ತಿ, ಕುಶಲಕರ್ಮಿಗಳನ್ನೂ ಅಧಿಕಾರಿಗಳನ್ನೂ ಕಂಡು, ತೆಳ್ಳನೆಯ ವರದಿಯೊಂದನ್ನು ಒಪ್ಪಿಸಿದರು. 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿದ್ದು ಅದರ ಫಲ. ಸಂಸ್ಥೆ ಹೇಗಿರಬೇಕು, ಯಾರು ಕಲಿಸಬೇಕು ಎಂಬ ಪುಟಗಳಿಗೆ ಇಂದು ಚರಿತ್ರೆಯ ಬೆಲೆಯಷ್ಟೇ ಉಳಿದಿದೆ. ಇವತ್ತಿಗೂ ಬಿಸಿಯಾಗಿರುವುದು ಚೊಂಬಿನ ಭಾಗ.

ಈಮ್ಸ್ ದಂಪತಿ ಇಲ್ಲಿ ಕಂಡ ವಸ್ತುಗಳಲ್ಲೆಲ್ಲ ಹೆಚ್ಚು ಮೆಚ್ಚಿದ್ದು ಚೊಂಬನ್ನು. ತಾಜಮಹಲಿನ ಮುಂದೆ ನಿಂತು ಉದ್ಗಾರ ತೆಗೆಯುವುದು ಯಾರಿಗೂ ಸುಲಭ. ಇವರು ದಿನ ಬೆಳಗಾದರೆ ಎಲ್ಲರ ಕೈಗೂ ಬರುವ ಪಾತ್ರೆಯ ಮುಂದೆ ಕುಳಿತರು, ಉದ್ಗಾರ ತೆಗೆಯದೆ ಪ್ರಶ್ನೆ ಕೇಳಿದರು. ಎಷ್ಟು ನೀರು ಹಿಡಿಯಬೇಕು? ಎತ್ತುವ ಕೈ ಗಂಡಸಿನದೋ ಹೆಂಗಸಿನದೋ, ಎಷ್ಟು ಬಲದ್ದು? ಹೊರುವುದು ತಲೆಯ ಮೇಲೋ, ಸೊಂಟದಲ್ಲೋ, ಗಾಡಿಯಲ್ಲೋ? ತುಂಬಿದಾಗ ತೂಕ ಎಲ್ಲಿ ಕೂರುತ್ತದೆ, ಖಾಲಿಯಾದಾಗ ಎಲ್ಲಿ? ತೊಳೆಯಲು ಬಾಯಿ ಎಷ್ಟು ಅಗಲವಿರಬೇಕು? ಕಣ್ಣು ಮುಚ್ಚಿ ಮುಟ್ಟಿದರೆ ಹಿತವೇ, ಕಣ್ಣು ತೆರೆದರೆ? ಕಲ್ಲಿನ ಮೇಲಿಟ್ಟಾಗ ಯಾವ ಸದ್ದು? ಕೆಟ್ಟ ಮೇಲೆ ಗುಜರಿಗೆ ಹಾಕಿದರೆ ಏನು ಸಿಕ್ಕೀತು? ಪಟ್ಟಿ ಇನ್ನೂ ಇದೆ. ಇಷ್ಟಾದ ಮೇಲೆ, ಇದನ್ನು ಒಬ್ಬನೇ ಮನುಷ್ಯ ವಿನ್ಯಾಸ ಮಾಡಿರಲಾರ, ತಲೆಮಾರುಗಳ ಕೈಯಲ್ಲಿ ತಿದ್ದಿಸಿಕೊಂಡು ಈ ಆಕಾರ ಬಂದಿದೆ ಎಂಬ ತೀರ್ಮಾನಕ್ಕೆ ಬರುತ್ತಾರೆ.

ಧ್ಯಾನ ಎಂದರೆ ನನಗೆ ಈ ಪಟ್ಟಿ. ನೋಡುವವನ ಮನಸ್ಸಿಗೆ ನೆಮ್ಮದಿ ಸಿಕ್ಕಿತೋ ಇಲ್ಲವೋ ಎಂಬ ಮಾತೇ ಇದರಲ್ಲಿಲ್ಲ, ಗಮನವೆಲ್ಲ ಎದುರಿಗಿರುವ ವಸ್ತುವಿನ ಮೇಲಿದೆ. ಇದಕ್ಕೆ ಡಿಗ್ರಿ ಬೇಕಾಗಿಲ್ಲ. ಮನೆಯ ಪ್ಲಾಸ್ಟಿಕ್ ಕೊಡವನ್ನು ಇದೇ ಪ್ರಶ್ನೆಗಳಿಗೆ ಒಡ್ಡಿ ನೋಡಿ. ಸೊಂಟಕ್ಕೆ ಕೂರುವ ಹೊಟ್ಟೆ, ಹಿಡಿತಕ್ಕೆ ಸಿಗುವ ಕತ್ತು ಎರಡನ್ನೂ ಅದು ಹಿತ್ತಾಳೆ ಕೊಡದಿಂದ ಕದ್ದಿದೆ. ಕದ್ದದ್ದು ಒಳ್ಳೆಯದೇ ಆಯಿತು, ಹಗುರಾಯಿತು, ಹೊರುವವಳ ಬೆನ್ನು ಉಳಿಯಿತು. ಹುಣಸೆಹಣ್ಣು ಹಚ್ಚಿ ತಿಕ್ಕುವ ಕೆಲಸವೂ ತಪ್ಪಿತು. ಗುಜರಿಯ ಪ್ರಶ್ನೆಗೆ ಬಂದಾಗ ಮಾತ್ರ ಅದು ಸೋಲುತ್ತದೆ. ಹಿತ್ತಾಳೆಯನ್ನು ತೂಕಕ್ಕೆ ಹಾಕಬಹುದಿತ್ತು, ಕಷ್ಟಕಾಲದಲ್ಲಿ ಅಡವಿಡಬಹುದಿತ್ತು. ಸೀಳಿದ ಪ್ಲಾಸ್ಟಿಕ್ ಕೊಡ ತಿಪ್ಪೆ ಸೇರುತ್ತದೆ. ಹಳೆಯದೆಲ್ಲ ಚೆಂದ, ಹೊಸದೆಲ್ಲ ಹೊಲಸು ಎಂಬ ಕೊರಗಿಗೂ ಈ ಪಟ್ಟಿ ಜಾಗ ಕೊಡುವುದಿಲ್ಲ.

ಇಷ್ಟು ಹೊಗಳಿದ ಮೇಲೆ ನನ್ನ ದೊಡ್ಡ ತಕರಾರಿಗೆ ಬರುತ್ತೇನೆ. ನೀರು ಸುರಿಯುವ ಸದ್ದನ್ನೂ ಬಿಡದ ಈ ಪಟ್ಟಿಯಲ್ಲಿ ಭಾರತದ ಯಾವ ಮಗುವಿಗೂ ಗೊತ್ತಿದ್ದ ಒಂದು ಪ್ರಶ್ನೆ ಇಲ್ಲ: ಈ ಚೊಂಬನ್ನು ಯಾರು ಮುಟ್ಟಬಹುದು? 1927ರ ಮಾರ್ಚ್‌ನಲ್ಲಿ ಅಂಬೇಡ್ಕರ್ ಮತ್ತು ಸಂಗಡಿಗರು ಮಹಾಡ್‌ನ ಚವದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದರು. ಆಮೇಲೆ ಸವರ್ಣೀಯರು ಪಂಚಗವ್ಯವನ್ನು ಕೊಡಗಳಲ್ಲಿ ತಂದು ಸುರಿದು ಕೆರೆಯನ್ನು 'ಶುದ್ಧ' ಮಾಡಿದರು. ಅದೇ ಹೊಟ್ಟೆ, ಅದೇ ಕತ್ತಿನ ಕೊಡ. ಕೆರೆ ಬಾವಿಗಳ ಬಳಕೆಯಲ್ಲಿ ಭೇದ ಮಾಡಕೂಡದೆಂದು ಸಂವಿಧಾನದ 15ನೇ ವಿಧಿ ಹೇಳಿ ಎಂಟು ವರ್ಷವಾದ ಮೇಲೆ ಬಂದ ವರದಿ ಇದು. ಪರದೇಶಿಗರಿಗೆ ಹೇಗೆ ಗೊತ್ತಾಗಬೇಕು ಎನ್ನಬಹುದು. ಅವರನ್ನು ಕರೆದುಕೊಂಡು ತಿರುಗಿದವರಿಗೆ ಗೊತ್ತಿತ್ತಲ್ಲ!

ಮಾಡಿದವನೂ ಇಲ್ಲಿ ಮರೆಯಾಗುತ್ತಾನೆ. ತಲೆಮಾರುಗಳು ತಿದ್ದಿದವು ಎನ್ನುವುದು ನಿಜ, ಆದರೆ ತಲೆಮಾರುಗಳಿಗೆ ಕೂಲಿ ಕೊಡಬೇಕಾಗಿಲ್ಲ. ಕಂಚುಗಾರ ಎಷ್ಟು ಹೊತ್ತು ಕುಲುಮೆಯ ಮುಂದೆ ಕೂರುತ್ತಾನೆ, ಅವನ ಕಣ್ಣು ಕಿವಿ ಎಷ್ಟು ವರ್ಷ ಬಾಳುತ್ತವೆ ಎಂದು ಪಟ್ಟಿ ಕೇಳುವುದಿಲ್ಲ. ವರದಿ ತೆರೆದುಕೊಳ್ಳುವುದು ಭಗವದ್ಗೀತೆಯ ಕರ್ಮಯೋಗದ ಶ್ಲೋಕಗಳಿಂದ. ಫಲದ ಕಡೆ ನೋಡಬೇಡ ಎಂಬ ಮಾತು ಕುರ್ಚಿಯ ವಿನ್ಯಾಸದ ಹಕ್ಕು ಇಟ್ಟುಕೊಂಡವರಿಗೆ ಒಳ್ಳೆಯ ಪಾಠವಾದೀತು. ದಿನಗೂಲಿಯ ಕಂಚುಗಾರನಿಗೆ ಅದನ್ನು ಹೇಳಿಕೊಡುವುದು ಅಣಕ.

ಗಮನ ತನ್ನಷ್ಟಕ್ಕೆ ತಾನೇ ಒಳ್ಳೆಯದು ಎಂದು ನಂಬಿರುವುದರಿಂದ ಹೀಗಾಗುತ್ತದೆ. ಇಂದಿನ ಮೈಂಡ್‌ಫುಲ್‌ನೆಸ್ ಕಾರ್ಯಾಗಾರಗಳ ತೊಡಕೂ ಇದೇ. ಕೊನೆಯಿಲ್ಲದೆ ಉರುಳುತ್ತಲೇ ಹೋಗುವ ಮೊಬೈಲ್ ಪರದೆಯನ್ನು ನೋಡಿ. 2006ರಲ್ಲಿ ಆ ತಂತ್ರವನ್ನು ರೂಪಿಸಿದ ಆಜಾ ರಾಸ್ಕಿನ್ ಮುಂದೆ ಅದಕ್ಕಾಗಿ ಬಹಿರಂಗವಾಗಿಯೇ ವಿಷಾದಿಸಿದರು. ಬೆರಳು ಎಲ್ಲಿ ತಡೆಯುತ್ತದೆಂದು ಬಹಳ ಎಚ್ಚರದಿಂದ ಗಮನಿಸಿ, ಆ ತಡೆಯನ್ನು ತೆಗೆದುಹಾಕಿದ ವಿನ್ಯಾಸ ಅದು. ಗಮನಕ್ಕೆ ಅಲ್ಲಿ ಕೊರತೆಯಿರಲಿಲ್ಲ. ಬುದ್ಧನ ಅಷ್ಟಾಂಗ ಮಾರ್ಗದಲ್ಲಿ ಸಮ್ಯಕ್ ಸ್ಮೃತಿಯ ಜೊತೆಗೆ ಸಮ್ಯಕ್ ಆಜೀವವೂ ಇದೆ, ಅಂದರೆ ಯಾರಿಗೂ ಕೇಡು ಮಾಡದ ಜೀವನೋಪಾಯ. ಉಸಿರಿನ ಪಾಠ ಹೇಳುವ ಕಂಪನಿ ತರಬೇತಿಗಳು ಮೊದಲನೆಯದನ್ನು ಇಟ್ಟುಕೊಂಡು ಎರಡನೆಯದನ್ನು ಬಾಗಿಲಾಚೆ ಬಿಟ್ಟಿವೆ. ಈಮ್ಸ್ ದಂಪತಿಯನ್ನು ಈ ತರಬೇತುದಾರರ ಸಾಲಿಗೆ ಸೇರಿಸುವುದು ಅನ್ಯಾಯ. ಇವರ ಪ್ರಶ್ನೆಗಳು ಕನಿಷ್ಠ ಹೊರುವವಳ ಸೊಂಟದವರೆಗೆ ಬಂದು ನಿಂತಿವೆ.

ಆ ಪಟ್ಟಿಗಿಂತ ಒಳ್ಳೆಯ ಪಾಠ ನಮ್ಮ ವಿನ್ಯಾಸ ಶಿಕ್ಷಣಕ್ಕೆ ಇನ್ನೂ ದಕ್ಕಿಲ್ಲ. ತರಗತಿಯಲ್ಲಿ ಅದನ್ನು ಓದಿಸುವ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ: ಅದೇ ದಿನ ಮಹಾಡ್‌ನ ಕತೆಯನ್ನೂ ಓದಿಸಿ. ಯಾರು ಮುಟ್ಟಬಹುದು, ಮಾಡಿದವನಿಗೆ ಎಷ್ಟು ಸಿಕ್ಕಿತು ಎಂಬ ಎರಡು ಪ್ರಶ್ನೆಗಳನ್ನು ಮಕ್ಕಳ ಕೈಯಿಂದಲೇ ಪಟ್ಟಿಗೆ ಸೇರಿಸಿ ಬರೆಸಿ.