ರಾಧೇಯನೋ ಕೌಂತೇಯನೋ

ಅಪತ್ಯಾರ್ಥದ ತದ್ಧಿತಗಳನ್ನು ಪಾಠ ಹೇಳುವಾಗ ಉಪಾಧ್ಯಾಯರು ಕೌಂತೇಯ, ರಾಧೇಯ ಎಂಬೆರಡು ಉದಾಹರಣೆಗಳನ್ನು ಒಂದೇ ಉಸಿರಿನಲ್ಲಿ ಹೇಳಿ ಮುಂದೆ ಸಾಗುವುದು ವಾಡಿಕೆ. ಪಾಣಿನೀಯದ ನಾಲ್ಕನೆಯ ಅಧ್ಯಾಯದ ಪ್ರಥಮ ಪಾದದಲ್ಲಿ ೧೨೦, ೧೨೧ನೆಯ ಸೂತ್ರಗಳ ಬಲದಿಂದ ಸ್ತ್ರೀವಾಚಕಗಳ ಮೇಲೆ ಢಕ್ ಪ್ರತ್ಯಯವು ಬಂದು ಈ ರೂಪಗಳು ಸಿದ್ಧಿಸುತ್ತವೆ. ಹೆತ್ತವಳ ಹೆಸರಿಗೊಂದು, ಸಾಕಿದವಳ ಹೆಸರಿಗೊಂದು ಎಂದು ಪ್ರತ್ಯಯಭೇದವಿಲ್ಲ. ಅದೇ ಪಾದದ ೧೧೬ನೆಯ ಸೂತ್ರವು ಕನ್ಯೆಗೆ ಹುಟ್ಟಿದವನನ್ನು ಕಾನೀನನೆಂದು ಹೇಳುವುದು. ಕಾಶಿಕಾವೃತ್ತಿಕಾರರು ಅಲ್ಲಿ ಕೊಟ್ಟಿರುವ ಉದಾಹರಣೆಗಳು ಎರಡು, ಕರ್ಣ ಮತ್ತು ವ್ಯಾಸ. ಈ ಜೊತೆಯು ಆಲೋಚಿಸತಕ್ಕದ್ದಾಗಿದೆ. ಇಬ್ಬರೂ ವಿವಾಹಕ್ಕೆ ಮೊದಲು ಹುಟ್ಟಿದವರು. ಇಬ್ಬರ ತಾಯಂದಿರೂ ಮುಂದೆ ಕುರುಕುಲದ ರಾಣಿಯರಾದವರು. ಒಬ್ಬನು ಮಹರ್ಷಿಯೆನಿಸಿದನು, ಇನ್ನೊಬ್ಬನು ಸೂತಪುತ್ರನೆನಿಸಿದನು. ಜನ್ಮದ ರೀತಿಯೇ ಕಾರಣವಾಗಿದ್ದರೆ ಫಲವು ಒಂದೇ ಆಗಬೇಕಾಗಿತ್ತಷ್ಟೆ. ಸತ್ಯವತಿಯು ವಂಶವು ಅಳಿಯುವ ಕಾಲ ಬಂದಾಗ ಭೀಷ್ಮನೆದುರಿಗೆ ಬಾಯಿಬಿಟ್ಟು ತನಗೊಬ್ಬ ಕಾನೀನನುಂಟೆಂದು ಹೇಳಿ ಅವನನ್ನು ಕರೆಯಿಸಿಕೊಂಡಳು. ಕುಂತಿಯು ಹೇಳಲಿಲ್ಲ. ಭೇದವೆಲ್ಲ ಇಷ್ಟೇ.

ಕರ್ಣಪಾತ್ರವನ್ನು ಕುರಿತು ನಮ್ಮಲ್ಲಿ ಬಹುಕಾಲದಿಂದ ಒಂದೇ ಜಾಡಿನ ವಿಮರ್ಶೆಯು ನಡೆದುಬಂದಿದೆ. ಅವನು ವಸ್ತುತಃ ಕ್ಷತ್ರಿಯನು, ಲೋಕವು ಅರಿಯದೆ ಸೂತನೆಂದು ಹಳಿಯಿತು, ಆ ಮುಸುಕನ್ನು ತೆಗೆದರೆ ನಿಜವಾದ ಕರ್ಣನು ಹೊಳೆಯುವನು ಎಂಬುದು ಇದರ ಸಾರ. ತರಗತಿಗಳಲ್ಲಿ ಹೀಗೆಯೇ ಪಾಠವಾಗುತ್ತದೆ, ಪ್ರಶ್ನಪತ್ರಿಕೆಗಳೂ ಇದನ್ನೇ ಅಪೇಕ್ಷಿಸುತ್ತವೆ. ಈ ಮಾತಿನಲ್ಲಿ ಕನಿಕರವುಂಟು, ವಿಚಾರವು ಸಾಲದು. ಕರ್ಣನು ಕ್ಷತ್ರಿಯನಾದುದರಿಂದ ಅವನಿಗಾದ ಅವಮಾನವು ಅನ್ಯಾಯವೆಂದು ಹೇಳಿದರೆ, ಅವನು ನಿಜವಾಗಿ ಅಧಿರಥನ ಮಗನೇ ಆಗಿದ್ದ ಪಕ್ಷದಲ್ಲಿ ಅದು ನ್ಯಾಯವಾಗುತ್ತಿತ್ತೆಂದು ಒಪ್ಪಿದಂತಾಗುವುದಿಲ್ಲವೆ? ಬಿಲ್ಲನ್ನು ಬಿಟ್ಟು ಬಾರುಕೋಲನ್ನು ಹಿಡಿಯೆಂದ ಭೀಮನ ಪ್ರಮಾಣವನ್ನೇ ನಾವು ಕಣ್ಣೀರಿಟ್ಟುಕೊಂಡು ಅಂಗೀಕರಿಸಿದಂತಾಯಿತು.

ಇಂಥ ಸಮರ್ಥನೆಯನ್ನು ಮೊದಲು ಹೂಡಿದವನು ದುರ್ಯೋಧನನೇ. ಆದಿಪರ್ವದ ರಂಗಸ್ಥಳದ ಪ್ರಸಂಗವನ್ನು ಸಾವಧಾನವಾಗಿ ಓದಿದವರಿಗೆ ಇದು ತಿಳಿಯದಿರದು. ಕೃಪಾಚಾರ್ಯನು ಅರ್ಜುನನನ್ನು ಪೃಥೆಯ ಕಿರಿಯ ಮಗನೆಂದೂ ಪಾಂಡುನಂದನನೆಂದೂ ಸಭೆಗೆ ಪರಿಚಯಿಸಿ, ನೀನೂ ನಿನ್ನ ತಾಯಿತಂದೆಗಳನ್ನೂ ಕುಲವನ್ನೂ ಹೇಳೆಂದು ಕರ್ಣನನ್ನು ಕೇಳುತ್ತಾನೆ. ಪೃಥೆಯ ಹಿರಿಯ ಮಗನೇ ಎದುರಿಗೆ ನಿಂತಿದ್ದಾನೆ; ಪೃಥೆಯಾದರೋ ಆಗಲೇ ಮೂರ್ಛೆಹೋಗಿ ವಿದುರನ ಉಪಚಾರದಿಂದ ಎಚ್ಚೆತ್ತಿದ್ದಾಳೆ. ಕರ್ಣನು ಮಳೆಗೆ ಬಾಗಿದ ಕಮಲದಂತೆ ಮುಖವನ್ನು ತಗ್ಗಿಸುತ್ತಾನೆ. ಆಗ ದುರ್ಯೋಧನನು ಅವನಿಗೆ ಅಂಗರಾಜ್ಯದ ಅಭಿಷೇಕವನ್ನು ಮಾಡಿಸುತ್ತಾನೆ. ಮುಂದೆ ವಾದವು ಬೆಳೆದಾಗ ಶೂರರ ಮತ್ತು ನದಿಗಳ ಮೂಲವನ್ನು ಅರಿಯುವುದು ಕಷ್ಟವೆನ್ನುತ್ತಾನೆ. ಕಲಶದಲ್ಲಿ ಹುಟ್ಟಿದ ದ್ರೋಣನನ್ನೂ ಜೊಂಡಿನಲ್ಲಿ ಹುಟ್ಟಿದ ಕೃಪನನ್ನೂ ನೆನಪಿಗೆ ತರುತ್ತಾನೆ. ಇಲ್ಲಿಗೇ ನಿಲ್ಲಿಸಿದ್ದರೆ ಅದು ಉತ್ತಮವಾದ ವಾದವಾಗುತ್ತಿತ್ತು. ಆದರೆ ಹೆಣ್ಣುಜಿಂಕೆಯು ಹುಲಿಯನ್ನು ಹೆರುವುದುಂಟೆ ಎಂದು ಕೇಳಿ ತಾನೂ ಜನ್ಮದ ವಾದಕ್ಕೇ ಇಳಿದುಬಿಡುತ್ತಾನೆ. ಸ್ನೇಹದ ಮಾತೇ ಸರಿ; ಆದರೆ ಅದು ಗೆಳೆಯನನ್ನು ಎತ್ತಿಹಿಡಿಯುವಾಗ ಗೆಳೆಯನ ಮನೆಯನ್ನು ಜಿಂಕೆಯ ಮನೆಯೆಂದಿತು.

ಇವೆರಡು ಮಾತುಗಳ ನಡುವೆ ವ್ಯಾಸರು ಇಟ್ಟಿರುವ ಚಿತ್ರವನ್ನು ನಮ್ಮವರು ಸಾಕಷ್ಟು ಗಮನಿಸಿಲ್ಲ. ಉತ್ತರೀಯವು ಜಾರಿ, ಬೆವೆತು, ನಡುಗುತ್ತ, ಊರುಗೋಲಿನ ಆಸರೆಯಿಂದ ಅಧಿರಥನು ರಂಗಕ್ಕೆ ಬರುತ್ತಾನೆ. ಆಗತಾನೆ ಅರಸನಾದ ಕರ್ಣನು ಬಿಲ್ಲನ್ನು ಕೆಳಗಿಟ್ಟು, ಅಭಿಷೇಕದ ನೀರಿನಿಂದ ನೆನೆದ ತಲೆಯನ್ನು ಬಾಗಿಸಿ ವಂದಿಸುತ್ತಾನೆ. ಮುದುಕನು ಸಂಕೋಚದಿಂದ ತನ್ನ ಕಾಲುಗಳನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾನೆ, ಮಗನೇ ಎಂದು ಕರೆಯುತ್ತಾನೆ, ಒದ್ದೆಯಾದ ಆ ತಲೆಯನ್ನು ಕಣ್ಣೀರಿನಿಂದ ಮತ್ತೆ ನೆನೆಸುತ್ತಾನೆ. ಕೃಪನ ಪ್ರಶ್ನೆಗೆ ಬಾಯಿಯಿಂದ ಉತ್ತರ ಕೊಡಲಾರದೆ ಹೋದವನು ಇಲ್ಲಿ ಸಭೆಯ ಕಣ್ಣೆದುರಿಗೆ ಉತ್ತರ ಕೊಟ್ಟನು. ತಾಯಿತಂದೆಗಳು ಯಾರೆಂದು ಕೇಳಿದಿರಷ್ಟೆ, ಇವನು ನನ್ನ ತಂದೆ ಎಂಬುದೇ ಆ ನಮಸ್ಕಾರದ ತಾತ್ಪರ್ಯ. ಭೀಮನು ನಕ್ಕುದು ಇದನ್ನು ನೋಡಿಯೇ.

ಇನ್ನು ಧರ್ಮಶಾಸ್ತ್ರದ ಮಾತು. ಉದ್ಯೋಗಪರ್ವದಲ್ಲಿ ಶ್ರೀಕೃಷ್ಣನು ಕರ್ಣನನ್ನು ರಥದಲ್ಲಿ ಕುಳ್ಳಿರಿಸಿಕೊಂಡು, ಕಾನೀನನು ತಾಯಿಯನ್ನು ವಿವಾಹವಾದವನ ಮಗನೆಂದು ಶಾಸ್ತ್ರಜ್ಞರು ಹೇಳುವರಾದ್ದರಿಂದ ನೀನು ಪಾಂಡುಪುತ್ರನು, ಬಂದು ರಾಜ್ಯವನ್ನು ಸ್ವೀಕರಿಸೆನ್ನುತ್ತಾನೆ. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯವೂ ಕಾನೀನನು ವರಿಸಿದವನಿಗೆ ಸೇರಿದವನೆಂದೇ ವಿಧಿಸುತ್ತದೆ. ಆದರೆ ಅದೇ ಅಧ್ಯಾಯವು ಕಾನೀನನನ್ನು ಬಂಧುವಾದರೂ ದಾಯಕ್ಕೆ ಅರ್ಹನಲ್ಲದ ಆರು ಮಂದಿಯಲ್ಲಿ ಎಣಿಸಿ, ತಾಯಿತಂದೆಗಳು ತೊರೆದಾಗ ಇನ್ನೊಬ್ಬನು ಕೈಗೆತ್ತಿಕೊಂಡ ಅಪವಿದ್ಧನೆಂಬ ಮಗನನ್ನು ದಾಯಕ್ಕೂ ಬಾಂಧವ್ಯಕ್ಕೂ ಅರ್ಹರಾದ ಆರು ಮಂದಿಯಲ್ಲಿ ಎಣಿಸಿದೆ. ಹೊಳೆಯಲ್ಲಿ ತೇಲಿಬಂದ ಪೆಟ್ಟಿಗೆಯ ಶಿಶುವಿಗೆ ಇದಕ್ಕಿಂತ ಸರಿಯಾದ ಲಕ್ಷಣವುಂಟೆ? ಮನುವಿನ ತಕ್ಕಡಿಯಲ್ಲಿ ತೂಗಿದರೆ ಪಾಂಡುವಿನ ಕಾನೀನನಿಗಿಂತ ಅಧಿರಥನ ಅಪವಿದ್ಧನೇ ತೂಕವುಳ್ಳವನು.

ಸ್ಮೃತಿಗಳಲ್ಲಿ ಐಕಮತ್ಯವಿಲ್ಲವೆಂಬುದನ್ನೂ ಹೇಳಬೇಕು. ಆದಿಪರ್ವದಲ್ಲಿ ಪಾಂಡುವೇ ಪುತ್ರಭೇದಗಳನ್ನು ಎಣಿಸುವಾಗ ಕಾನೀನನನ್ನು ದಾಯಭಾಗಿಗಳ ಗುಂಪಿನಲ್ಲಿ ಸೇರಿಸುತ್ತಾನೆ. ಎಣಿಸುವುದು ಯಾರೆದುರಿಗೆ? ಮಕ್ಕಳಿಲ್ಲದ ದುಃಖದಲ್ಲಿ, ಏಕಾಂತದಲ್ಲಿ, ಕುಂತಿಯೆದುರಿಗೆ. ಕಾನೀನನೂ ನನ್ನ ಮಗನಾಗಬಲ್ಲನೆಂದು ಗಂಡನು ತನ್ನ ಬಾಯಿಂದಲೇ ಹೇಳಿದ ಮೇಲೂ ಆಕೆಯು ದುರ್ವಾಸರು ಕೊಟ್ಟ ಮಂತ್ರವನ್ನು ಮಾತ್ರ ತಿಳಿಸಿ, ಆ ಮಂತ್ರವನ್ನು ಒಮ್ಮೆ ಪರೀಕ್ಷಿಸಿದ ಸಂಗತಿಯನ್ನು ನುಂಗಿಕೊಂಡಳು. ಶಾಸ್ತ್ರವು ಬಾಗಿಲನ್ನು ತೆರೆದೇ ಇಟ್ಟಿತ್ತು, ಗಂಡನೂ ತೆರೆದಿಟ್ಟಿದ್ದನು. ಆಕೆಯನ್ನು ತಡೆದುದು ಲೋಕವು ಏನೆಂದೀತು ಎಂಬ ಭಯವೊಂದೇ. ಈ ಭಯಕ್ಕೆ ಯಾವ ಸ್ಮೃತಿಯಲ್ಲಿಯೂ ಸೂತ್ರವಿಲ್ಲ. ಆದರೂ ಎಲ್ಲ ಸ್ಮೃತಿಗಳಿಗಿಂತ ಅದು ಬಲವತ್ತರವಾದುದು.

ಕೃಷ್ಣನ ಮಾತಿಗೆ ಕರ್ಣನು ಕೊಡುವ ಉತ್ತರವು ಭಾರತದಲ್ಲೆಲ್ಲ ಅತಿಶಯವಾದ ಭಾಗಗಳಲ್ಲಿ ಒಂದು. ಇದೆಲ್ಲವೂ ನನಗೆ ಗೊತ್ತು, ಧರ್ಮತಃ ನಾನು ಪಾಂಡುವಿನ ಮಗನೆಂದು ಅವನು ಮೊದಲೇ ಒಪ್ಪಿಕೊಳ್ಳುತ್ತಾನೆ. ಆಮೇಲೆ ತನ್ನನ್ನು ತಾನು ಯಾರೆಂದು ತಿಳಿದಿರುವನೋ ಅದನ್ನು ಒಂದೊಂದಾಗಿ ಹೇಳುತ್ತಾನೆ: ಮನೆಗೆ ತಂದೊಡನೆ ರಾಧೆಯ ಎದೆಯಲ್ಲಿ ಹಾಲುಕ್ಕಿತು, ಅವಳು ತನ್ನ ಮಲಮೂತ್ರಗಳನ್ನು ಬಳಿದಳು, ಅಂಥವಳ ಪಿಂಡವನ್ನು ತಾನು ಹೇಗೆ ಲೋಪಮಾಡಲಿ? ಅಧಿರಥನು ಜಾತಕರ್ಮವನ್ನು ಮಾಡಿಸಿದನು, ವಸುಷೇಣನೆಂದು ಹೆಸರಿಡಿಸಿದನು, ಪ್ರಾಯ ಬಂದಾಗ ಮದುವೆಗಳನ್ನು ಮಾಡಿಸಿದನು. ಆ ಹೆಂಡಿರಲ್ಲಿ ಮಕ್ಕಳೂ ಮೊಮ್ಮಕ್ಕಳೂ ಆಗಿದ್ದಾರೆ. ಇಲ್ಲಿ ತತ್ತ್ವವಾದವಿಲ್ಲ, ಕುಲನಿಂದೆಯಿಲ್ಲ, ಆತ್ಮಪ್ರಶಂಸೆಯೂ ಇಲ್ಲ. ಹಾಲು, ಹೆಸರು, ಸಂಸ್ಕಾರ, ಮದುವೆ, ಸಂತಾನ, ಪಿಂಡ, ಇಷ್ಟೇ. ನಾನು ಎಂಬುದು ಒಳಗೆಲ್ಲೋ ಅಡಗಿಸಿಟ್ಟ ವಸ್ತುವಲ್ಲ, ಸುತ್ತಲಿನವರ ಕೈಗಳಿಂದ ದಿನದಿನವೂ ಆದದ್ದು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಿದ ಭಾಗವನ್ನು ನಾವು ಕಾಣೆವು. ಅವನನ್ನು ಹಳಿದದ್ದೂ ಸಮಾಜವೇ, ಆಗಮಾಡಿದ್ದೂ ಸಮಾಜವೇ. ಮೊದಲನೆಯದನ್ನು ಮಾತ್ರ ಎತ್ತಿ ಆಡುವ ವಿಮರ್ಶೆಯು ರಾಧೆಯ ಋಣವನ್ನು ಲೆಕ್ಕದಿಂದ ಬಿಟ್ಟಂತಾಗುತ್ತದೆ.

ನಮ್ಮ ಕನ್ನಡ ಕವಿಗಳಲ್ಲಿ ಈ ಒತ್ತು ಬೇರೆಡೆಗೆ ಸರಿಯಿತು. ೯೪೧ರ ಸುಮಾರಿನಲ್ಲಿ ವಿಕ್ರಮಾರ್ಜುನವಿಜಯವನ್ನು ರಚಿಸಿದ ಪಂಪನ ಕರ್ಣನನ್ನು ಕಟ್ಟಿಹಾಕಿರುವುದು ದುರ್ಯೋಧನನ ನಂಬಿಕೆ ಮತ್ತು ಜೋಳದ ಪಾಳಿ. ಒಡೆಯನ ಅನ್ನಕ್ಕಾಗಿ ಪ್ರಾಣಕೊಟ್ಟವರಿಗೆ ಕಲ್ಲು ನಿಲ್ಲಿಸುತ್ತಿದ್ದ ನಾಡಿನಲ್ಲಿ ಇದು ಸಹಜವೇ. ಹದಿನೈದನೆಯ ಶತಮಾನದ ಕುಮಾರವ್ಯಾಸನಲ್ಲಿಯೂ ಜನ್ಮರಹಸ್ಯವನ್ನು ಕೇಳಿ ಕೊರಳು ಬಿಗಿದು ಕಣ್ಣೀರು ಸುರಿಸುವ ಕರ್ಣನಿಗೆ ಮೊದಲು ನೆನಪಾಗುವುದು ಕುರುರಾಯನಿಗೊದಗಿದ ಕೇಡು. ಇಬ್ಬರಲ್ಲಿಯೂ ರಾಧೆಯು ಹಿಂದಕ್ಕೆ ಸರಿದಳು. ರಸದೃಷ್ಟಿಯಿಂದ ಲಾಭವಾಯಿತೆನ್ನಬಹುದು, ಆದರೆ ಮನೆಯು ಆಸ್ಥಾನವಾಯಿತು.

ಪಂಪನು ಇನ್ನೊಂದು ಕಡೆಯಲ್ಲಿ ಮೂಲವನ್ನು ದಾಟಿದ್ದಾನೆಂಬುದನ್ನು ಮರೆಯಲಾಗದು. ಭೀಷ್ಮನಿಗೆ ಸೇನಾಪತಿಪಟ್ಟವಾಗುವಾಗ ಕರ್ಣನು ಆಡಿದ ಕಟುನುಡಿಗೆ ದ್ರೋಣನು, ನಿನ್ನ ನಾಲಗೆಯೇ ನಿನ್ನ ಕುಲವನ್ನು ತೋರಿಸಿತೆಂಬರ್ಥದ ಮಾತಿನಿಂದ ಚುಚ್ಚುತ್ತಾನೆ. ಆನಂದವರ್ಧನನಿಗಿಂತ ಹಿಂದಿನವನಾದ ಭಟ್ಟನಾರಾಯಣನ ವೇಣೀಸಂಹಾರದಲ್ಲಿ ಇಂಥದೇ ಸನ್ನಿವೇಶದಲ್ಲಿ ಕರ್ಣನು ಕುಲಜನ್ಮವು ದೈವಾಧೀನ, ಪೌರುಷವು ನನ್ನ ಅಧೀನ ಎಂದಿದ್ದನು. ಅಲ್ಲಿ ಕುಲ ಶಬ್ದದ ಅರ್ಥವು ಹಾಗೆಯೇ ಉಳಿಯಿತು. ಪಂಪನ ಕರ್ಣನಾದರೋ ಛಲವೂ ಗುಣವೂ ಅಭಿಮಾನವೂ ಪರಾಕ್ರಮವೂ ಕುಲವೆಂದು ಆ ಶಬ್ದಕ್ಕೇ ಹೊಸ ಅರ್ಥವನ್ನು ಕೊಡುತ್ತಾನೆ. ಹಾಗೆಂದು ಪಂಪನನ್ನು ಕುಲವಿರೋಧಿಯೆಂದು ಕರೆಯುವುದು ಆತುರ. ವಿಪ್ರಕುಲವನ್ನು ಜಾತಿಗಳಲ್ಲಿ ಉತ್ತಮವೆಂದೂ, ಅಂಥ ಕುಲದವನು ನಂಬತಕ್ಕದ್ದು ಜಿನಧರ್ಮವೇ ಎಂದೂ ತನ್ನ ತಂದೆಯು ನಿಶ್ಚಯಿಸಿದನೆಂದು ಹೆಮ್ಮೆಯಿಂದ ಹೇಳಿಕೊಂಡ ಕವಿ ಅವನು. ತಂದೆಯ ಮನೆಯಲ್ಲಿಯೇ ಹೆಸರು, ಮತಗಳು ಬದಲಾದುದನ್ನು ಕಂಡವನಿಗೆ, ಹುಟ್ಟಿದ್ದೇ ಬೇರೆ, ಆಯ್ದುಕೊಂಡದ್ದೇ ಬೇರೆ ಎಂಬುದು ಪುಸ್ತಕದಿಂದ ತಿಳಿಯಬೇಕಾದ ಸಂಗತಿಯಾಗಿರಲಿಲ್ಲ.

ರನ್ನನ ಗದಾಯುದ್ಧದಲ್ಲಿ ಕರ್ಣನ ಶವದ ಮುಂದೆ ದುರ್ಯೋಧನನು ಮಾಡುವ ಶೋಕವು ಎಲ್ಲರಿಗೂ ಪರಿಚಿತ. ತಾನು ಬಲ್ಲೆ, ಪೃಥೆ ಬಲ್ಲಳು, ಕೃಷ್ಣನೂ ಸೂರ್ಯನೂ ಸಹದೇವನೂ ಬಲ್ಲರು, ಉಳಿದಂತೆ ನೀನು ಯಾರಿಗೆ ಹುಟ್ಟಿದವನೆಂದು ಯಾರೂ ಅರಿಯರೆನ್ನುತ್ತಾನೆ. ಬಲ್ಲವರ ಪಟ್ಟಿಯಲ್ಲಿ ಐವರಿದ್ದಾರೆ. ಐವರೂ ಬಾಯಿ ಮುಚ್ಚಿಕೊಂಡವರು. ತಿಳಿದಿರುವುದು ಬೇರೆ, ಒಪ್ಪಿ ಹೇಳುವುದು ಬೇರೆ ಎಂಬುದನ್ನು ರನ್ನನು ಒಂದು ಕಂದದಲ್ಲಿ ಹಿಡಿದಿಟ್ಟಿದ್ದಾನೆ.

ಕುಂತಿಯು ಹೇಳಿದ್ದು ಕೊನೆಗೆ, ಸ್ತ್ರೀಪರ್ವದ ಜಲದಾನದ ಹೊತ್ತಿನಲ್ಲಿ. ನೀವು ಯಾರನ್ನು ಸೂತಪುತ್ರನೆಂದೂ ರಾಧೇಯನೆಂದೂ ತಿಳಿದಿದ್ದಿರೋ ಅವನು ನಿಮ್ಮ ಅಣ್ಣ, ಅವನಿಗೂ ನೀರನ್ನು ಬಿಡಿರಿ ಎನ್ನುತ್ತಾಳೆ. ದ್ಯೂತಸಭೆಯಲ್ಲಿ ಕರ್ಣನ ಪಾದಗಳನ್ನು ನೋಡಿ ಅವು ತಾಯಿಯ ಪಾದಗಳಂತಿವೆಯಲ್ಲ ಎಂದುಕೊಂಡದ್ದು ಧರ್ಮರಾಯನ ನೆನಪಿಗೆ ಬರುವುದನ್ನು ಶಾಂತಿಪರ್ವವು ಹೇಳುತ್ತದೆ. ಅವನು ನದೀತೀರದಲ್ಲಿ ಅಣ್ಣನಿಗೆ ಉದಕವನ್ನು ಕೊಟ್ಟು, ಕರ್ಣನ ಹೆಂಡಿರನ್ನು ಪರಿವಾರಸಹಿತವಾಗಿ ಕರೆತರಿಸಿಕೊಂಡನು. ರಾಧೆಯನ್ನು ಕರೆತರಿಸಿದ ಮಾತು ಅಲ್ಲಿಲ್ಲ.