ಪೇಟಿ, ಕೊಳಲು, ತಬಲಾ: ಮಕ್ಕಳ ಮೇಳಕ್ಕೆ ಬರೆದ ಸಂಗೀತ

ನಮ್ಮ ಗಡಿನಾಡಿನ ಕನ್ನಡ ಶಾಲೆಗಳಲ್ಲಿ ನವೆಂಬರ್ ತಿಂಗಳು ಬಂತೆಂದರೆ ಹಾಡಿನ ತಾಲೀಮು ಆರಂಭವಾಗುವುದು ವಾಡಿಕೆ. ಈಚಿನ ವರ್ಷಗಳಲ್ಲಿ ಈ ತಾಲೀಮಿನ ಸ್ವರೂಪ ಬದಲಾಗಿದೆ. ಮೊಬೈಲಿನಿಂದ ಧ್ವನಿವರ್ಧಕಕ್ಕೆ ಹಾಡು ಹರಿಯುತ್ತದೆ. ಮಕ್ಕಳು ಅದರ ಮುಂದೆ ಸಾಲಾಗಿ ನಿಂತು ತುಟಿಯಾಡಿಸುತ್ತಾರೆ. ಹಾಡು ಕೇಳಿಸುತ್ತದೆ; ಮಕ್ಕಳ ದನಿ ಕೇಳಿಸುವುದಿಲ್ಲ.

ಇದಕ್ಕಾಗಿ ಶಿಕ್ಷಕರನ್ನು ದೂರುವುದು ಸುಲಭ. ಆದರೆ ಮಕ್ಕಳು ಕೂಡಿ ಹಾಡಲೆಂದು, ಕೂಡಿ ನುಡಿಸಲೆಂದು ಬರೆದ ಪುಸ್ತಕ ಆ ಶಿಕ್ಷಕರ ಕೈಯಲ್ಲಿದೆಯೇ ಎಂಬುದನ್ನು ಮೊದಲು ಕೇಳಬೇಕು. ಇಂಗ್ಲೆಂಡಿನ ಸಂಗೀತ ರಚನಕಾರ ಬೆಂಜಮಿನ್ ಬ್ರಿಟನ್ (1913–1976) ಮಕ್ಕಳಿಗಾಗಿ ಬರೆದ ಮೂರು ಕೃತಿಗಳನ್ನು ಪರಿಶೀಲಿಸಿ, ನಮ್ಮ ಸ್ವರಲಿಪಿ ಪುಸ್ತಕಗಳನ್ನು ಅವುಗಳ ಪಕ್ಕದಲ್ಲಿಟ್ಟು ನೋಡುವುದು ಈ ಲೇಖನದ ಉದ್ದೇಶ. ಪಾಶ್ಚಾತ್ಯ ಸಂಗೀತಶಾಸ್ತ್ರದಲ್ಲಿ ನಾನು ಪಂಡಿತನಲ್ಲ. ಪುಣೆಯಲ್ಲಿ ವಾಯೊಲಿನ್ ಕಲಿಯುತ್ತಿರುವ ನನ್ನ ಮೊಮ್ಮಗಳು ಈ ಕೃತಿಗಳ ರಚನೆಯನ್ನು ನನಗೆ ಬಿಡಿಸಿ ಹೇಳಿದಳು. ನಾನು ಅವುಗಳನ್ನು ನೋಡಿರುವುದು ಶಿಕ್ಷಕನ ಕಣ್ಣಿನಿಂದ.

ಮೊದಲನೆಯದು 'ಫ್ರೈಡೇ ಆಫ್ಟರ್‌ನೂನ್ಸ್'. ಬ್ರಿಟನ್ನನ ಅಣ್ಣ ವೇಲ್ಸಿನ ಪ್ರೆಸ್ಟಾಟಿನ್ ಊರಿನ ಶಾಲೆಯೊಂದರಲ್ಲಿ ಮುಖ್ಯಾಧ್ಯಾಪಕನಾಗಿದ್ದ. ಅಲ್ಲಿ ಶುಕ್ರವಾರ ಮಧ್ಯಾಹ್ನ ಹಾಡಿನ ತರಗತಿ. ಆ ಮಕ್ಕಳಿಗಾಗಿ 1933ರಿಂದ 1935ರ ಅವಧಿಯಲ್ಲಿ ಬರೆದ 12 ಹಾಡುಗಳೇ ಈ ಸಂಪುಟ. ಬಹುತೇಕ ಹಾಡುಗಳಿಗೆ ಒಂದೇ ಧಾಟಿ, ಜೊತೆಗೆ ಪಿಯಾನೋ. ಕೊನೆಯ ಹಾಡು ಮಾತ್ರ ಬೇರೆ ಬಗೆಯದು: ಒಂದೇ ಧಾಟಿಯನ್ನು ನಾಲ್ಕು ಗುಂಪುಗಳು ಒಂದರ ಹಿಂದೆ ಒಂದರಂತೆ ಎತ್ತಿಕೊಂಡು ಹಾಡುತ್ತವೆ. ಕಲಿಯಬೇಕಾದದ್ದು ಒಂದೇ ಧಾಟಿ, ಕೇಳಿಸುವುದು ನಾಲ್ಕು ಪದರ. ಮಕ್ಕಳಿಗೆ ಸಾಧ್ಯವಾದುದನ್ನೇ ಕೊಟ್ಟು, ಅವರಿಂದ ಅಸಾಧ್ಯವೆನಿಸಿದ್ದನ್ನು ಹೊರಡಿಸುವ ಕೌಶಲ ಇದು.

ಎರಡನೆಯದು 'ನೋಯ್ಸ್ ಫ್ಲಡ್', ಪ್ರಳಯಕಾಲದ ನೋಹನ ಕಥೆಯ ಸಂಗೀತ ನಾಟಕ. 1958ರ ಜೂನ್ 18ರಂದು ಸಫೋಕ್ ಪ್ರಾಂತದ ಆರ್ಫರ್ಡ್ ಚರ್ಚಿನಲ್ಲಿ ಇದರ ಮೊದಲ ಪ್ರಯೋಗವಾಯಿತು. ಇದರಲ್ಲಿ ಮಕ್ಕಳ ವಾಯೊಲಿನ್‌ಗಳಿಗೆ ಮೂರು ಮಟ್ಟದ ಪಾಠಗಳಿವೆ. ಮೊದಲನೆಯದು ಕೈ ಪಳಗಿದವರಿಗೆ. ಮೂರನೆಯದು ಈಗಷ್ಟೇ ಕಮಾನು ಹಿಡಿದವರಿಗೆ. ತಂತಿಯ ಮೇಲೆ ಬೆರಳನ್ನೇ ಇಡದೆ, ಬರಿಯ ತೆರೆದ ತಂತಿಗಳನ್ನು ಎಳೆದು ನುಡಿಸುವ ಸಾಲುಗಳೂ ಅದರಲ್ಲಿವೆ. ಪ್ರಾಣಿಗಳು ನಾವೆಯನ್ನು ಏರುವಾಗ ಬಿಗುಲುಗಳು ಮೊಳಗುತ್ತವೆ. ಮಳೆಯ ಹನಿಗಳಿಗಾಗಿ ದಾರಕ್ಕೆ ಕಟ್ಟಿದ ಕುಡಿಯುವ ಲೋಟಗಳನ್ನು ಮಕ್ಕಳು ಮರದ ಚಮಚದಿಂದ ತಟ್ಟುತ್ತಾರೆ. ಮೂರು ಕಡೆ ನೋಡಲು ಬಂದ ಸಭಿಕರೂ ದನಿಗೂಡಿಸಬೇಕು.

ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ತೆರೆದ ತಂತಿಯನ್ನು ಎಳೆಯುವ ಮಗು ಅಲಂಕಾರಕ್ಕೆ ಕುಳಿತಿಲ್ಲ, ಅದರ ಸ್ವರವೂ ಮೇಳದ ಒಂದು ಅಂಗ. ಲೋಟ ತಟ್ಟುವ ಹುಡುಗ ತಪ್ಪಿದರೆ ಮಳೆ ಆರಂಭವಾಗುವುದಿಲ್ಲ. ಅಶಕ್ತನಿಗೂ ಅಗತ್ಯವಾದ ಕೆಲಸ ಕೊಟ್ಟಿರುವುದೇ ಈ ಕೃತಿಯ ದೊಡ್ಡತನ.

ದೋಷವಿಲ್ಲವೆಂದಲ್ಲ. ಇದಕ್ಕೆ ವಿಶಾಲವಾದ ಚರ್ಚು, ಆರ್ಗನ್, ಹಲವು ವೃತ್ತಿಪರ ವಾದಕರು ಬೇಕು. ಸಾಮಾನ್ಯ ಶಾಲೆಯೊಂದು ತನ್ನ ಬಲದಿಂದಲೇ ಇದನ್ನು ಎತ್ತಿಕೊಳ್ಳಲಾರದು. ಈ ಕೊರತೆಯನ್ನು ಮೂರನೆಯ ಕೃತಿ ನೀಗಿಸಿದೆ. ತಾನು ಕಲಿತ ಶಾಲೆಯ ಶತಮಾನೋತ್ಸವಕ್ಕಾಗಿ ಬ್ರಿಟನ್ 1962ರಲ್ಲಿ '150ನೆಯ ಕೀರ್ತನೆ'ಯನ್ನು ಬರೆದ. ಹಾಡುವವರು ಎರಡು ಗುಂಪಿನ ಮಕ್ಕಳು. ವಾದ್ಯಗಳು ಎಷ್ಟಿದ್ದರೂ ಸರಿ. ಕನಿಷ್ಠ ಪಕ್ಷ ಒಂದು ತಾರಸ್ವರದ ವಾದ್ಯ, ಒಂದಿಷ್ಟು ತಾಳವಾದ್ಯ, ಒಂದು ಮನೆಗಳುಳ್ಳ ವಾದ್ಯ ಇದ್ದರೆ ಸಾಕು. ನಮ್ಮ ಮಾತಿನಲ್ಲಿ ಹೇಳುವುದಾದರೆ ಕೊಳಲು, ತಬಲಾ, ಪೇಟಿ! ಇವು ನಮ್ಮ ಯಾವ ಹಳ್ಳಿಯ ಭಜನಾ ಮೇಳದಲ್ಲಿ ಇಲ್ಲ? ಮೂರರಲ್ಲಿ ಅತಿ ಚಿಕ್ಕದಾದ ಈ ಕೃತಿಯೇ ನಮಗೆ ಅತಿ ಹತ್ತಿರದ್ದೆಂದು ನನ್ನ ಅಭಿಪ್ರಾಯ.

ಇನ್ನು ನಮ್ಮ ಪುಸ್ತಕಗಳ ಕಡೆಗೆ ಬರೋಣ. ಕನ್ನಡದಲ್ಲಿ ಸ್ವರಲಿಪಿ ಪುಸ್ತಕಗಳಿಗೆ ಬರವಿಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಒಬ್ಬನೇ ಗಾಯಕನನ್ನು ಕಣ್ಣ ಮುಂದಿಟ್ಟುಕೊಂಡು ಬರೆದವು. ನಾನು ಸೇವೆಯಲ್ಲಿದ್ದಾಗ ಅಂಥ ಒಂದು ಪುಸ್ತಕವನ್ನು ಶಾಲೆಗೆ ತರಿಸಿದ್ದೆ. ವಚನವೊಂದಕ್ಕೆ ಮಾಯಾಮಾಳವಗೌಳ ರಾಗದಲ್ಲಿ ಸ್ವರ ಹಾಕಿದ್ದರು. ಕರ್ನಾಟಕ ಪದ್ಧತಿಯ ರೂಢಿಯಂತೆ ರಾಗದ ಹೆಸರು ತಲೆಯ ಮೇಲೆ, ಕೆಳಗೆ ಯಾವ ಗುರುತೂ ಇಲ್ಲದ ಸ್ವರಾಕ್ಷರಗಳು. ನಮ್ಮ ಪೇಟಿ ಮಾಸ್ತರರು ಭಾತಖಂಡೆ ಪದ್ಧತಿಯಲ್ಲಿ ಕಲಿತವರು. ಆ ಪದ್ಧತಿಯಲ್ಲಿ ಕೋಮಲ ಸ್ವರಕ್ಕೆ ಅಡಿಗೆರೆ ಉಂಟು; ಗೆರೆಯಿಲ್ಲದ್ದು ಶುದ್ಧ. ಅವರು ರಿಷಭ, ಧೈವತಗಳನ್ನು ಶುದ್ಧವಾಗಿಯೇ ನುಡಿಸಿದರು. ಭೈರವವಾಗಬೇಕಾದದ್ದು ಬಿಲಾವಲವಾಯಿತು! ಮಾಸ್ತರರು ತಪ್ಪಿರಲಿಲ್ಲ, ಪುಸ್ತಕವೂ ತಪ್ಪಿರಲಿಲ್ಲ. ಕನ್ನಡಕ್ಕೆ ಎರಡು ಸಂಗೀತ ಪದ್ಧತಿಗಳಿವೆಯೆಂಬ ಸಂಗತಿಯನ್ನು ಸಂಪಾದಕರು ಮರೆತಿದ್ದರು, ಅಷ್ಟೇ. 'ಮಾಯಾಮಾಳವಗೌಳ – ಭೈರವ', 'ಮೋಹನ – ಭೂಪ', 'ಹಿಂದೋಳ – ಮಾಲಕಂಸ' ಎಂದು ಎರಡೂ ಹೆಸರು ಕೊಟ್ಟು, ಕೋಮಲ ತೀವ್ರಗಳ ಗುರುತು ಹಾಕಿದ್ದರೆ ಸಾಕಿತ್ತು.

ಮಕ್ಕಳ ಕಂಠಕ್ಕೆ ಒಗ್ಗುವ ಪಟ್ಟಿ ಯಾವುದೆಂದೂ ಅಂಥ ಪುಸ್ತಕಗಳು ಹೇಳುವುದಿಲ್ಲ. ದೊಡ್ಡವರು ತಮ್ಮ ಪಟ್ಟಿಯಲ್ಲಿ ಹಿಡಿದರೆ ಮಂದ್ರದ ಸ್ವರಗಳಲ್ಲಿ ಮಕ್ಕಳ ದನಿ ಅಡಗಿಹೋಗುತ್ತದೆ. ಎಂಟನೆಯ ಇಯತ್ತೆಯಲ್ಲಿ ದನಿಯೊಡೆಯುವ ಹುಡುಗರಿಗಂತೂ ಅಲ್ಲಿ ಸ್ಥಳವೇ ಇಲ್ಲ. ಅಂಥ ಹುಡುಗರಿಗೆ, 'ನೀವು ಹಿಂದೆ ನಿಲ್ಲಿರಿ, ಬಾಯಷ್ಟೇ ಆಡಿಸಿರಿ' ಎಂದು ನಾನೇ ಹೇಳಿದ್ದುಂಟು. ಕಾರ್ಯಕ್ರಮ ಚೆಂದಾಗಲಿ ಎಂಬುದು ಆಗಿನ ನನ್ನ ಸಮರ್ಥನೆ. ತೆರೆದ ತಂತಿಯ ಆ ಸಾಲುಗಳ ಸಂಗತಿ ಕೇಳಿದಂದು ಆ ಹುಡುಗರ ಮುಖಗಳು ನೆನಪಾದವು. ಮೊಬೈಲನ್ನು ದೂರುವ ಮೊದಲು ಇದನ್ನು ಒಪ್ಪಿಕೊಳ್ಳಬೇಕು: ಮಕ್ಕಳಿಗೆ ತುಟಿಯಾಡಿಸಲು ಕಲಿಸಿದವರು ನಾವೇ.

ಸಂಗೀತ ಗುರುಮುಖದಿಂದ ಬರತಕ್ಕದ್ದು, ಗಮಕ ಮೀಂಡುಗಳನ್ನು ಕಾಗದ ಹಿಡಿಯಲಾರದು ಎಂಬ ಆಕ್ಷೇಪವುಂಟು. ಆ ಮಾತು ನಿಜ. ಆದರೆ ಗುರುವೇ ಇಲ್ಲದ ಶಾಲೆಯ ಗತಿಯೇನು? ಸಂಗೀತ ಬಲ್ಲ ಶಿಕ್ಷಕರೊಬ್ಬರು ನಿವೃತ್ತರಾದರೆ ಅವರೊಡನೆ ಶಾಲೆಯ ಹಾಡುಗಳೂ ನಿವೃತ್ತವಾಗುತ್ತವೆ. ಕಾಗದವು ಗುರುವಿಗೆ ಪರ್ಯಾಯವಲ್ಲ. ಒಬ್ಬ ಗುರುವಿನಿಂದ ಮತ್ತೊಬ್ಬ ಗುರುವಿಗೆ ಬರೆದ ಪತ್ರ. ಬಹುಧ್ವನಿ ನಮ್ಮ ರಾಗಪದ್ಧತಿಗೆ ಹೊಂದದೆಂಬ ಇನ್ನೊಂದು ಆಕ್ಷೇಪವನ್ನೂ ಬಲ್ಲೆ. ಎರಡನೆಯ ಸಾಲು ಬೇರೆ ಧಾಟಿಯೇ ಆಗಬೇಕೆಂದಿಲ್ಲ. ಷಡ್ಜ ಪಂಚಮಗಳನ್ನು, ಪಂಚಮವಿಲ್ಲದ ಮಾಲಕಂಸದಂಥ ರಾಗದಲ್ಲಿ ಷಡ್ಜ ಮಧ್ಯಮಗಳನ್ನು, ಲಯಕ್ಕೆ ಸರಿಯಾಗಿ ಹಿಡಿದು ನಿಲ್ಲುವ ಸಾಲಾದರೂ ಸಾಕು. ದನಿಯೊಡೆದ ಹುಡುಗ ಅದನ್ನು ಹಾಡಬಲ್ಲ. ಪೇಟಿಯ ಮೇಲೆ ಮೊದಲ ಸಲ ಬೆರಳಿಟ್ಟವಳು ಅದನ್ನು ನುಡಿಸಬಲ್ಲಳು. ಹಲಗಿ ಲೇಜೀಮುಗಳು ಮಾತ್ರೆ ತಪ್ಪದೆ ಯಾವ ಸಾಲಿಗೆ ಬರಬೇಕೆಂದು ಬರೆದಿಟ್ಟರೆ ಹಾಡದ ಮಕ್ಕಳಿಗೂ ಕೆಲಸ ಸಿಕ್ಕಿತು.

ನಮ್ಮ ಸಂಘ ಪ್ರತಿ ಸಮ್ಮೇಳನಕ್ಕೂ ಸಂಚಿಕೆ ತರುತ್ತಿರುವುದು ಶ್ಲಾಘ್ಯ. ಮುಂದಿನ ಸಮ್ಮೇಳನದ ಹೊತ್ತಿಗೆ ಹತ್ತೇ ಹಾಡುಗಳ ಒಂದು ಸ್ವರಲಿಪಿ ಪುಸ್ತಿಕೆಯನ್ನು ಹೊರತಂದು, ನಮ್ಮ ಸೀಮೆಯ ಕನ್ನಡ ಶಾಲೆಗಳಿಗೆ ಹಂಚಬಾರದೇಕೆ? ಎರಡೂ ಪದ್ಧತಿಯ ರಾಗನಾಮ, ಮಕ್ಕಳಿಗೆ ಒಗ್ಗುವ ಪಟ್ಟಿ, ಕಲಿತವರಿಗೊಂದು ಸಾಲು, ಕಲಿಯುತ್ತಿರುವವರಿಗೊಂದು ಸಾಲು, ಇವಿಷ್ಟಿದ್ದರೆ ಸಾಕು. ನಮ್ಮ ಭಾಗದ ಪೇಟಿ ಮಾಸ್ತರರನ್ನು ಒಂದೆಡೆ ಕೂಡಿಸಿದರೆ ಈ ಕೆಲಸ ಕಠಿಣವೇನಲ್ಲ. ಸಾಲು ತಿದ್ದಲು, ಅಚ್ಚಿನ ಕರಡು ನೋಡಲು ನನ್ನ ಕಣ್ಣುಗಳು ಇನ್ನೂ ನಡೆಯುತ್ತಿವೆ. ಆ ಸೇವೆಯನ್ನು ಸಂಘ ನನಗೆ ಒಪ್ಪಿಸಿದರೆ ಸಂತೋಷದಿಂದ ಮಾಡುವೆ.