ನೀರು ಏಕೆ ಉರಿಯದು? - ಪಾಠದ ಉತ್ತರ ಸಾಲದು

‘ಹೈಡ್ರೊಜನ್ ಉರಿಯುವ ಅನಿಲ. ಆಕ್ಸಿಜನ್ ಉರಿಯಲು ನೆರವಾಗುವ ಅನಿಲ. ಇವೆರಡೂ ಸೇರಿದ ನೀರು ಮಾತ್ರ ಉರಿಯದು. ಸಂಯುಕ್ತದ ಗುಣಗಳು ಅದರ ಧಾತುಗಳ ಗುಣಗಳಿಗಿಂತ ಬೇರೆ.’ ಈ ಮಾತುಗಳನ್ನು ನೀವು ಪಾಠದಲ್ಲಿ ಓದಿರುತ್ತೀರಿ. ಅಧ್ಯಾಪಕರಾದರೆ ಹೇಳಿಯೂ ಇರುತ್ತೀರಿ. ನಾನೂ ಹಲವು ವರ್ಷ ಹೇಳಿದ್ದೇನೆ. ಇದರಲ್ಲಿ ತಪ್ಪಿಲ್ಲ, ಆದರೆ ಇದು ವಿವರಣೆಯೂ ಅಲ್ಲ. ಕಾರ್ಬನ್ ಉರಿಯುತ್ತದೆ, ಹೈಡ್ರೊಜನ್ ಉರಿಯುತ್ತದೆ, ಅವೆರಡರ ಸಂಯುಕ್ತವಾದ ಮೀಥೇನ್ ಕೂಡ ಉರಿಯುತ್ತದೆ. ‘ಬೇರೆ’ ಎಂಬ ನಿಯಮ ಇಲ್ಲಿ ಏನನ್ನು ತಿಳಿಸಿತು?

ಸರಿಯಾದ ಉತ್ತರದ ಸುಳಿವು ನಮ್ಮ ಹಳೆಯ ಪುಸ್ತಕಗಳ ‘ಜಲಜನಕ’ ಎಂಬ ಪದದಲ್ಲೇ ಇದೆ. 1787ರಲ್ಲಿ ಲವಾಸಿಯೆ ಮತ್ತು ಸಂಗಡಿಗರು ಬಳಕೆಗೆ ತಂದ ಗ್ರೀಕ್ ಮೂಲದ ಹೆಸರಿನ ಅರ್ಥವೂ ಅದೇ - ನೀರನ್ನು ಹುಟ್ಟಿಸುವುದು. ಹೈಡ್ರೊಜನ್ ಉರಿದಾಗ ನೀರು ಹುಟ್ಟುತ್ತದೆ. ಅಂದರೆ ನೀರು ಈಗಾಗಲೇ ಉರಿದು ಆಗಿರುವ ವಸ್ತು, ಹೈಡ್ರೊಜನ್ನಿನ ‘ಬೂದಿ’. ಒಲೆಯ ಬೂದಿಗೆ ಮತ್ತೆ ಕಡ್ಡಿ ಗೀರಿದರೆ ಹೊತ್ತಿಕೊಂಡೀತೆ?

2 ಗ್ರಾಮ್ ಹೈಡ್ರೊಜನ್ 16 ಗ್ರಾಮ್ ಆಕ್ಸಿಜನ್ನಿನೊಡನೆ ಕೂಡಿ 18 ಗ್ರಾಮ್ ನೀರಾಗುವಾಗ ಸುಮಾರು 286 ಕಿಲೋಜೂಲ್ ಶಕ್ತಿ ಹೊರಬೀಳುತ್ತದೆ. ಆ ಶಕ್ತಿ ಆಗಲೇ ಹೋಗಿಬಿಟ್ಟಿದೆ. ಅದೇ ನೀರಿಗೆ ಇನ್ನಷ್ಟು ಆಕ್ಸಿಜನ್ ಸೇರಿಸಿ ಹೈಡ್ರೊಜನ್ ಪೆರಾಕ್ಸೈಡ್ ಮಾಡಬೇಕೆಂದರೆ ಸುಮಾರು 98 ಕಿಲೋಜೂಲ್‌ಗಳನ್ನು ನಾವೇ ಒದಗಿಸಬೇಕು. ಮುಂದಿರುವುದು ಇಳಿಜಾರಲ್ಲ, ಏರು.

ಬೂದಿಯ ಹೋಲಿಕೆಗೂ ಮಿತಿಯುಂಟು. ಆಕ್ಸಿಜನ್ನಿಗಿಂತ ಪ್ರಬಲವಾದ ಉತ್ಕರ್ಷಕ ಫ್ಲೂರೀನ್. ಅದು ನೀರಿನೊಡನೆ ಬಿರುಸಾಗಿ ವರ್ತಿಸಿ ಹೈಡ್ರೊಜನ್ ಫ್ಲೂರೈಡ್ ಆಗುತ್ತದೆ, ಆಕ್ಸಿಜನ್ ಹೊರಬರುತ್ತದೆ. ಅಲ್ಲಿ ನೀರೇ ಇಂಧನ! ಆದ್ದರಿಂದ ‘ನೀರು ಗಾಳಿಯಲ್ಲಿ ಉರಿಯದು’ ಎನ್ನುವುದೇ ಸರಿ. (ನೀರು ಬೆಂಕಿಯನ್ನು ಆರಿಸುವುದು ಬೇರೆಯೇ ವಿಷಯ. ಆವಿಯಾಗುವ ಪ್ರತಿ ಗ್ರಾಮ್ ನೀರು ಸುಮಾರು 2260 ಜೂಲ್ ಉಷ್ಣವನ್ನು ಹೀರುತ್ತದೆ. ಪಾಠಗಳು ಎರಡನ್ನೂ ಬೆರೆಸಿಬಿಡುತ್ತವೆ.)

ಇದು ಬರಿಯ ಪದಗಳ ಜಗಳವಲ್ಲ. ‘ನೀರಿನಲ್ಲಿ ಉರಿಯುವ ಅನಿಲ ಅಡಗಿದೆ’ ಎಂಬಷ್ಟನ್ನೇ ಕಲಿತವರಿಗೆ ನೀರಿನಿಂದ ಓಡುವ ಕಾರು ಸಾಧ್ಯವೆಂದೇ ತೋರುತ್ತದೆ. ಅಂಥ ಕಾರಿನ ಹೆಸರಿನಲ್ಲಿ ಹಣ ಪಡೆದ ಅಮೆರಿಕದ ಸ್ಟ್ಯಾನ್ಲಿ ಮೆಯರ್‌ನದು ವಂಚನೆ ಎಂದು 1996ರಲ್ಲಿ ಒಹಾಯೊದ ನ್ಯಾಯಾಲಯ ತೀರ್ಪಿತ್ತಿತು. ನೀರನ್ನು ಒಡೆಯಲು ಬೇಕಾದ್ದೂ ಅದೇ 286 ಕಿಲೋಜೂಲ್; ಮತ್ತೆ ಉರಿಸಿದರೆ ಸಿಗುವುದೂ ಅಷ್ಟೇ. ನಡುವೆ ಆಗುವ ನಷ್ಟವೇ ಹೆಚ್ಚುವರಿ.

ಒಮ್ಮೆ ಉತ್ತರಪತ್ರಿಕೆಯೊಂದರಲ್ಲಿ ‘ನೀರು ಆಗಲೇ ಉರಿದುಹೋಗಿದೆ ಸಾರ್’ ಎಂದು ವಿದ್ಯಾರ್ಥಿಯೊಬ್ಬ ಬರೆದಿದ್ದ. ಮಾದರಿ ಉತ್ತರದಲ್ಲಿ ಇಲ್ಲವೆಂದು ಅದಕ್ಕೆ ಸೊನ್ನೆ ಬಿದ್ದಿತ್ತು. ನೀವಾಗಿದ್ದರೆ ಎಷ್ಟು ಅಂಕ ಕೊಡುತ್ತಿದ್ದಿರಿ?